ಜಿಯೋಪಾರ್ಕ್ ಎಂದರೆ ಇನ್ನೊಂದು ಅಭಯಾರಣ್ಯವೇ?

ಪ್ರಶ್ನೆ: ನಮ್ಮ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬು ಶಿಲೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿವೆ. ಇಂಥ ಜಾಗ ಮುಂದೆ ಜಿಯೋಪಾರ್ಕ್ ಆದರೆ, ಅಭಯಾರಣ್ಯದಲ್ಲಿ ಇರುವಂತೆ ಸುತ್ತಲಿನ ಊರುಗಳ ಬೇಸಾಯಕ್ಕೂ ಕುರಿ ಮೇಯಿಸುವುದಕ್ಕೂ ನಿರ್ಬಂಧ ಬರುತ್ತದೆಯೇ?

ಉತ್ತರ: ಜಿಯೋಪಾರ್ಕ್ ಎಂಬ ಮನ್ನಣೆಯಿಂದಲೇ ಅಂಥ ನಿರ್ಬಂಧ ಬರುವುದಿಲ್ಲ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಸಂರಕ್ಷಣಾ ಮೀಸಲು, ಸಮುದಾಯ ಮೀಸಲು ಈ ನಾಲ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬರುತ್ತವೆ. ಅಲ್ಲಿನ ನಿರ್ಬಂಧಗಳಿಗೆ ಆ ಕಾಯ್ದೆಯೇ ಆಧಾರ. ಜಿಯೋಪಾರ್ಕ್ ಎಂಬುದು ಭೂವೈಜ್ಞಾನಿಕ ಮಹತ್ವವಿರುವ ಪ್ರದೇಶಗಳಿಗೆ ಯುನೆಸ್ಕೊ 2015ರಿಂದ ತನ್ನ ಹೆಸರಿನಲ್ಲಿ ಕೊಡುತ್ತಿರುವ ಮನ್ನಣೆ. ಅದರ ಗಡಿಯೊಳಗೆ ಊರು, ಹೊಲ, ಶಾಲೆಗಳೆಲ್ಲ ಇರಬಹುದು, ಮತ್ತು ಅಲ್ಲಿನ ಜನರನ್ನು ಜೊತೆಗೆ ಕರೆದುಕೊಂಡೇ ಅದನ್ನು ನಡೆಸಬೇಕು. ನಾಲ್ಕು ವರ್ಷಕ್ಕೊಮ್ಮೆ ಮರುಪರಿಶೀಲನೆ ನಡೆಯುತ್ತದೆ. ಗುಣಮಟ್ಟ ಕುಸಿದು ಸರಿಹೋಗದಿದ್ದರೆ ಮನ್ನಣೆ ಕೈತಪ್ಪುತ್ತದೆ.

ಆದರೆ ಮುಖ್ಯ ಶಿಲಾತಾಣಗಳು ಅರ್ಜಿ ಹಾಕುವ ಮೊದಲೇ ಆಯಾ ದೇಶದ ಕಾನೂನಿನ ರಕ್ಷಣೆಯಲ್ಲಿರಬೇಕೆಂಬ ಷರತ್ತಿದೆ. ಜಪಾನಿನ ಹೊಕ್ಕೈಡೊದ ತೋಯಾ-ಉಸು ಇದಕ್ಕೆ ಒಳ್ಳೆಯ ಉದಾಹರಣೆ. ಯುನೆಸ್ಕೊ ಹೆಸರು ಸೇರುವ ಮೊದಲೇ, 2009ರಲ್ಲಿ, ಜಾಗತಿಕ ಜಿಯೋಪಾರ್ಕ್ ಜಾಲದ ಮನ್ನಣೆ ಪಡೆದ ಈ ಜಿಯೋಪಾರ್ಕಿನ ಒಂದು ಭಾಗ ಅದಕ್ಕೂ ಹಿಂದಿನಿಂದಲೇ ರಾಷ್ಟ್ರೀಯ ಉದ್ಯಾನ. 2000ದ ಜ್ವಾಲಾಮುಖಿ ಸ್ಫೋಟದಲ್ಲಿ ಹಾಳಾದ ಕಟ್ಟಡಗಳನ್ನು ಅಲ್ಲಿ ಹಾಗೆಯೇ ಉಳಿಸಿ, ನೋಡಲು ಬಂದವರಿಗೆ ತೋರಿಸುತ್ತಾರೆ. ಉದ್ಯಾನದ ಕಾನೂನು ಜಾಗವನ್ನು ಕಾಯುತ್ತದೆ. ಆ ನೆಲದ ಕಥೆಯನ್ನು ಜನರಿಗೆ ಹೇಳುವ ಹೊಣೆ ಜಿಯೋಪಾರ್ಕಿನದು.

ನಮ್ಮಲ್ಲಿ ತೊಡಕಿರುವುದು ಕಾನೂನಿನ ರಕ್ಷಣೆಯೆಂಬ ಆ ಮೊದಲ ಮೆಟ್ಟಿಲಲ್ಲೇ. ವನ್ಯಜೀವಿ ಕಾಯ್ದೆ ಭೂರೂಪದ ಮಹತ್ವವನ್ನೂ ಹೆಸರಿಸುತ್ತದೆ, ನಿಜ. ಆದರೆ ಅದರ ಉದ್ದೇಶ ವನ್ಯಜೀವಿ ಮತ್ತು ಅದರ ಪರಿಸರದ ರಕ್ಷಣೆ. ಸ್ಮಾರಕವೆಂಬ ಘೋಷಣೆ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು, ಅದರ ಬೆನ್ನಿಗೆ ಪ್ರತ್ಯೇಕ ಕಾಯ್ದೆಯ ಬಲವಿರಲಿಲ್ಲ. ಆ ಕೊರತೆ ನೀಗಿಸಲೆಂದೇ ಕೇಂದ್ರದ ಗಣಿ ಸಚಿವಾಲಯ 2022ರಲ್ಲಿ ಭೂಪರಂಪರೆ ತಾಣಗಳ ಕರಡು ಮಸೂದೆಯನ್ನು ಪ್ರಕಟಿಸಿತು. ಜಿಯೋಪಾರ್ಕ್ ಬೇಕೆನ್ನುವವರು ಮೊದಲು ಇಂಥ ಕಾಯ್ದೆಗಾಗಿ ಒತ್ತಾಯಿಸಬೇಕೆಂಬುದು ನನ್ನ ಅಭಿಪ್ರಾಯ.

ಮರಡಿಹಳ್ಳಿಗೆ ಇನ್ನೊಮ್ಮೆ ಹೋದಾಗ ಒಂದು ದಿಂಬನ್ನು ಹತ್ತಿರದಿಂದ ನೋಡಿ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನೊಳಗೆ ಉಕ್ಕಿದ ಲಾವಾ ಹೊರಮೈಯಲ್ಲಿ ಥಟ್ಟನೆ ತಣಿದು, ಒಂದರ ಮೇಲೊಂದು ಒತ್ತಿಕೊಂಡು ಆದ ಆಕಾರವದು. ಉಬ್ಬಿದ ಬದಿ ಯಾವ ಕಡೆಗಿದೆ ಎಂಬುದರಿಂದಲೇ ಶಿಲಾಪದರದ ಮೇಲು ಯಾವುದು, ಕೆಳಗು ಯಾವುದು ಎಂದು ಭೂವಿಜ್ಞಾನಿಗಳು ಗುರುತಿಸುತ್ತಾರೆ. ಇದಕ್ಕೆ ಕುರಿ ಮೇಯುವುದರಿಂದ ಕೇಡಿಲ್ಲ. ಕಲ್ಲುಗಣಿಯಿಂದ, ನೆನಪಿಗೆಂದು ಚೂರು ಒಡೆದು ಒಯ್ಯುವ ಸುತ್ತಿಗೆಯಿಂದ ಇದೆ.