ಕರುವಿಗೆ ಹಸಿ ಗಿಣ್ಣು, ನಮಗೆ ಬೇಯಿಸಿದ ಗಿಣ್ಣು

ನಿಮ್ಮ ಪ್ರಶ್ನೆ ಹೀಗಿದೆ: ಮನೆಯ ಹಸು ಈ ತಿಂಗಳು ಕರು ಹಾಕುವುದಿದೆ. ಗಿಣ್ಣುಹಾಲಿನಲ್ಲಿ ರೋಗಾಣು ಕೊಲ್ಲುವ ಪ್ರೋಟೀನ್ ಇದೆಯಂತೆ, ಗಿಣ್ಣು ಮಾಡಿ ತಿಂದರೆ ಅದು ಸಿಗುತ್ತದೆಯೇ, ಹಸಿಯಾಗಿಯೇ ಕುಡಿಯಬೇಕೇ, ಅಥವಾ ಆನ್‌ಲೈನಿನಲ್ಲಿ ಬರುವ ಲ್ಯಾಕ್ಟೋಫೆರಿನ್ ಎಂಬ ಹಾಲಿನ ಪ್ರೋಟೀನಿನ ಪುಡಿ ತರಿಸುವುದು ಮೇಲೇ? ಉತ್ತರಿಸುವ ಮೊದಲು ನನ್ನ ಬಗ್ಗೆ: ನಾನು ಶಿರಸಿ ಹತ್ತಿರದವನು. ಅಡಿಕೆ ತೋಟ, ಕೊಟ್ಟಿಗೆಯಲ್ಲಿ ನಾಲ್ಕು ದನ. ಬಿ.ಎಸ್ಸಿಯಲ್ಲಿ ಜೀವರಸಾಯನಶಾಸ್ತ್ರ ಓದಿದ್ದೆ. ಗೊತ್ತಿರುವಷ್ಟು ಹೇಳುತ್ತೇನೆ.

ಆ ಪ್ರೋಟೀನುಗಳು ಇರುವುದು ನಿಜ. ಗಿಣ್ಣು ಗಟ್ಟಿಯಾಗುವುದೇ ಅದಕ್ಕೆ ಸಾಕ್ಷಿ. ಮಾಮೂಲಿ ಹಾಲನ್ನು ಎಷ್ಟು ಕುದಿಸಿದರೂ ಹೆಪ್ಪುಗಟ್ಟುವುದಿಲ್ಲ. ಅದರ ಪ್ರೋಟೀನಿನಲ್ಲಿ ಶೇ. 80ರಷ್ಟು ಕೇಸಿನ್, ಅದು ಬಿಸಿ ತಡೆಯುತ್ತದೆ. ಕರು ಹಾಕಿದ ಮೊದಲ ಹಾಲಿನಲ್ಲಿ ಹಾಗಲ್ಲ, ಪ್ರತಿಕಾಯಗಳು, ಅಂದರೆ ರೋಗಾಣುಗಳೊಂದಿಗೆ ಹೋರಾಡುವ ಪ್ರೋಟೀನುಗಳಾದ ಇಮ್ಯುನೋಗ್ಲಾಬ್ಯುಲಿನ್‌ಗಳು, ತುಂಬಿಕೊಂಡಿರುತ್ತವೆ. ಒಳ್ಳೆಯ ಗಿಣ್ಣುಹಾಲಿನಲ್ಲಿ ಲೀಟರಿಗೆ 50 ಗ್ರಾಮಿಗೂ ಹೆಚ್ಚು. ಬಿಸಿ ತಾಗಿದರೆ ಇವು ಬಿಚ್ಚಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಯಿ ಜೋನಿಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದಾಗ ತುಂಡು ತುಂಡಾಗಿ ಕತ್ತರಿಸಲು ಬರುವುದು ಇದರಿಂದಲೇ. ಮೊದಲ ದಿನದ ಹಾಲಿಗೆ ಬೇರೆ ಹಾಲು ಬೆರೆಸಿದರೂ ಗಿಣ್ಣು ನಿಲ್ಲುತ್ತದೆ, ಮೂರ‍್ನಾಲ್ಕು ದಿನ ಕಳೆದರೆ ಬರೀ ಹಾಲಲ್ಲೂ ನಿಲ್ಲುವುದಿಲ್ಲ.

ಅಂದರೆ ತಟ್ಟೆಗೆ ಬಂದ ಗಿಣ್ಣಿನಲ್ಲಿ ಆ ಕಾವಲುಗಾರರು ಬೆಂದು ಹೋಗಿದ್ದಾರೆ. ಗಿಣ್ಣು ಒಳ್ಳೆಯ ಆಹಾರ, ರುಚಿಗೆ ಸಾಟಿಯಿಲ್ಲ. ಔಷಧಿಯೆಂದು ತಿನ್ನಬೇಡಿ.

ಹಾಗಾದರೆ ಹಸಿಯಾಗಿ ಕುಡಿಯೋಣವೇ? ಬೇಡವೇ ಬೇಡ. ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್ ಎಂಬ ಜ್ವರದ ರೋಗ, ದನದ ಕ್ಷಯ ಮನುಷ್ಯರಿಗೆ ಬರುತ್ತವೆ. ಹಾಲಿನ ಪ್ರೋಟೀನುಗಳು ಇವನ್ನೆಲ್ಲ ತಡೆದುಬಿಡುತ್ತವೆ ಎಂದು ನಂಬುವಂತಿಲ್ಲ.

ಇನ್ನು ಲ್ಯಾಕ್ಟೋಫೆರಿನ್. ನನಗೆ ಇದರ ಕೆಲಸದ ರೀತಿ ಓದಿದಾಗಿನಿಂದಲೂ ಬಹಳ ಇಷ್ಟ. ಹೆಚ್ಚಿನ ಬ್ಯಾಕ್ಟೀರಿಯಾಗಳು ಬೆಳೆಯಲು ಕಬ್ಬಿಣ ಬೇಕು. ಲ್ಯಾಕ್ಟೋಫೆರಿನ್ನಿನ ಒಂದೊಂದು ಅಣುವೂ ಎರಡೆರಡು ಕಬ್ಬಿಣದ ಅಯಾನುಗಳನ್ನು ಬಿಗಿಯಾಗಿ ಹಿಡಿದಿಟ್ಟು ಅವುಗಳ ಊಟ ತಪ್ಪಿಸುತ್ತದೆ. ಕಬ್ಬಿಣ ಹಿಡಿದಾಗ ಅದರ ಬಣ್ಣ ಕೆಂಪು. ನಮ್ಮೂರ ಮಣ್ಣಿಗೆ ಕೆಂಪು ಕೊಟ್ಟದ್ದೂ ಕಬ್ಬಿಣವೇ ತಾನೇ. ಹೊಟ್ಟೆಯಲ್ಲಿ ಪೆಪ್ಸಿನ್ ಎಂಬ ಜೀರ್ಣಕಿಣ್ವ ಇದನ್ನು ಕತ್ತರಿಸಿದಾಗ ಲ್ಯಾಕ್ಟೋಫೆರಿಸಿನ್ ಎಂಬ ಚಿಕ್ಕ ತುಣುಕು ಹೊರಬರುತ್ತದೆ. ಅದು ಬ್ಯಾಕ್ಟೀರಿಯಾದ ಪೊರೆಯನ್ನೇ ಕೆಡಿಸುತ್ತದೆ, ಮೂಲ ಪ್ರೋಟೀನಿಗಿಂತ ಜೋರು. ಹಸುವಿಗೆ ಕೆಚ್ಚಲು ಬಾವು ಬಂದಾಗ ಹಾಲಿನಲ್ಲಿ ಲ್ಯಾಕ್ಟೋಫೆರಿನ್ ಏರುವುದೂ ಈ ಕಾವಲಿನ ಭಾಗವೇ.

ಆದರೆ ಮಾಮೂಲಿ ಹಸುವಿನ ಹಾಲಿನಲ್ಲಿ ಅದು ಲೀಟರಿಗೆ ಸುಮಾರು 0.1 ಗ್ರಾಮ್ ಮಾತ್ರ. ಒಂದು ಕೆಜಿ ಪುಡಿಗೆ ಹತ್ತು ಸಾವಿರ ಲೀಟರ್ ಹಾಲು ಬೇಕು, ಬೆಲೆ ಏಕೆ ಅಷ್ಟು ಎಂದು ಇದರಲ್ಲೇ ಗೊತ್ತಾಗುತ್ತದೆ. ಕೊಳ್ಳಬೇಕೇ? 2009ರಲ್ಲಿ ಇಟಲಿಯ ಒಂದು ಅಧ್ಯಯನದಲ್ಲಿ ತೀರಾ ಕಡಿಮೆ ತೂಕದ ಶಿಶುಗಳಿಗೆ ಇದನ್ನು ಕೊಟ್ಟಾಗ ರಕ್ತದ ಸೋಂಕು ಕಡಿಮೆಯಾಯಿತು, ಎಲ್ಲರಿಗೂ ಆಸೆ ಹುಟ್ಟಿತು. 2019ರಲ್ಲಿ ಬ್ರಿಟನ್ನಿನಲ್ಲಿ ಅವಧಿಗೆ ಬಹಳ ಮೊದಲೇ ಹುಟ್ಟಿದ 2,203 ಶಿಶುಗಳ ಮೇಲೆ ದೊಡ್ಡ ಪರೀಕ್ಷೆ ನಡೆದಾಗ ಸೋಂಕು ತಡೆಯುವ ಪ್ರಯೋಜನ ಕಾಣಲಿಲ್ಲ. ಇಷ್ಟರ ಮೇಲೆ ಆರೋಗ್ಯವಂತರಾದ ನೀವು ಸಾವಿರಾರು ರೂಪಾಯಿ ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ನಿಜವಾಗಿ ಉಪಯೋಗಕ್ಕೆ ಬಂದದ್ದು ಲ್ಯಾಕ್ಟೋಪೆರಾಕ್ಸಿಡೇಸ್. ಹಾಲಿನಲ್ಲೇ ಇರುವ ಈ ಕಿಣ್ವಕ್ಕೆ ಥಯೋಸಯನೇಟ್, ಹೈಡ್ರೋಜನ್ ಪೆರಾಕ್ಸೈಡ್ ಎಂಬ ರಾಸಾಯನಿಕಗಳು ಸ್ವಲ್ಪ ಸಿಕ್ಕರೆ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ಕೆಲವು ತಾಸು ತಡೆದು ನಿಲ್ಲಿಸುತ್ತದೆ. ತಂಪು ಮಾಡುವ ಅನುಕೂಲವಿಲ್ಲದ ಕಡೆ ಹಾಲು ಕೆಡದಂತೆ ಇದನ್ನು ಬಳಸಲು ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆಯಾದ ಕೋಡೆಕ್ಸ್ 1991ರಲ್ಲಿ ಮಾರ್ಗಸೂಚಿ ಕೊಟ್ಟಿತು. ಮನೆಯಲ್ಲಿ ಮಾಡುವ ಕೆಲಸ ಇದಲ್ಲ.

1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ವಿವರಿಸಿದ, ಬ್ಯಾಕ್ಟೀರಿಯಾ ಕೊಲ್ಲುವ ಕಿಣ್ವ ಲೈಸೋಜೈಮ್ ಹಸುವಿನ ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ತಾಯಿಯ ಹಾಲಿನಲ್ಲಿ ಅದರ ಸಾವಿರಾರು ಪಟ್ಟು. ಲ್ಯಾಕ್ಟೋಫೆರಿನ್ನೂ ತಾಯಿಯ ಹಾಲಿನಲ್ಲೇ ಎಷ್ಟೋ ಹೆಚ್ಚು. ಹಾಗಿದ್ದೂ ಹೆರಿಗೆಯಾದ ಮನೆಗಳಲ್ಲಿ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಮಗುವಿನ ಬಾಯಿಗೆ ಜೇನು ನೆಕ್ಕಿಸುವುದನ್ನು ಕೇಳಿದಾಗ ಸಂಕಟವಾಗುತ್ತದೆ. ಮಗುವಿಗೆ ಹುಟ್ಟಿದ ಒಂದು ತಾಸಿನೊಳಗೆ ತಾಯಿಯ ಹಾಲು ಕುಡಿಸಬೇಕು. ವರ್ಷ ತುಂಬುವವರೆಗೆ ಜೇನು ಕೊಡಲೇಬಾರದು.

ಈಗ ನೀವು ಕೇಳದೇ ಇದ್ದದ್ದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಮನುಷ್ಯರ ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯ ಪ್ರತಿಕಾಯ ಪಡೆದು ಹುಟ್ಟುತ್ತದೆ. ಕರುವಿಗೆ ಆ ದಾರಿ ಇಲ್ಲ, ಅದು ಬರಿಗೈಯಲ್ಲೇ ಹುಟ್ಟುತ್ತದೆ. ಗಿಣ್ಣಿನ ಪ್ರತಿಕಾಯ ಕರುಳಿನಿಂದ ನೇರವಾಗಿ ರಕ್ತಕ್ಕೆ ಸೇರುವ ಬಾಗಿಲು ಹುಟ್ಟಿದ ಕ್ಷಣದಿಂದಲೇ ಮುಚ್ಚಲು ಶುರುವಾಗಿ ಸುಮಾರು 24 ತಾಸಿಗೆ ಮುಚ್ಚಿಯೇ ಹೋಗುತ್ತದೆ. ನಮ್ಮ ಕಡೆ ಕಸ, ಅಂದರೆ ಹಸುವಿನ ಮಾಸು, ಬೀಳುವವರೆಗೆ ಕರುವಿಗೆ ಹಾಲು ಬಿಡಬಾರದು ಎಂಬ ನಂಬಿಕೆ ಇತ್ತು. ನಮ್ಮ ಮನೆಯಲ್ಲೂ ಒಂದು ಮಳೆಗಾಲ ಹಾಗೆಯೇ ಕಾದೆವು. ಸಂಜೆ ಹುಟ್ಟಿದ ಹೆಣ್ಣುಕರು, ಕಸ ಬಿದ್ದದ್ದು ಮರುದಿನ ಮಧ್ಯಾಹ್ನ. ವಾರದೊಳಗೆ ಭೇದಿ ಹಿಡಿದು ಕರು ಹೋಯಿತು. ಹಸು ಎಂಟು ದಿನ ಕೊಟ್ಟಿಗೆ ಬಾಗಿಲು ನೋಡುತ್ತ ಕೂಗಿತು. ಓದಿಕೊಂಡಿದ್ದೂ ಹಿರಿಯರಿಗೆ ಎದುರಾಡಲಾರದೆ ಸುಮ್ಮನಿದ್ದೆ. ಆ ಕೂಗು ಇನ್ನೂ ಕಿವಿಯಲ್ಲಿದೆ.

ಆದ್ದರಿಂದ ಕಸ ಬೀಳಲಿ ಬಿಡಲಿ, ಕೆಚ್ಚಲು ತೊಳೆದು ಒಂದೆರಡು ತಾಸಿನೊಳಗೆ ಕರುವಿಗೆ ಕುಡಿಸಿ. ತೂಕದ ಹತ್ತನೇ ಒಂದು ಭಾಗ ಎಂಬುದು ಲೆಕ್ಕ: ಹತ್ತು ಕೆಜಿಯ ಮಲೆನಾಡು ಗಿಡ್ಡದ ಕರುವಿಗೆ ಒಂದು ಲೀಟರ್, 25 ಕೆಜಿಯ ಜರ್ಸಿ ಮಿಶ್ರತಳಿಗೆ ಎರಡೂವರೆ. ಎದ್ದು ನಿಲ್ಲಲಾಗದಿದ್ದರೆ ಹಿಂಡಿ ಬಾಟಲಿಯಲ್ಲಿ ಕೊಡಿ, ಕುದಿಸಬೇಡಿ. ಕಸ 12 ತಾಸಾದರೂ ಬೀಳದಿದ್ದರೆ ಪಶುವೈದ್ಯರನ್ನು ಕರೆಸಿ. ಕರು ಕುಡಿದು ಮಿಕ್ಕದ್ದರಲ್ಲಿ ಧಾರಾಳ ಗಿಣ್ಣು ಮಾಡಿಕೊಳ್ಳಿ. ಇನ್ನೂ ಉಳಿದರೆ ಒಂದು ಲೀಟರ್ ಫ್ರೀಜರಿನಲ್ಲಿಡಿ. ಮುಂದೆ ಯಾರ ಮನೆಯಲ್ಲಾದರೂ ತಾಯಿ ಸತ್ತ ಕರುವಿದ್ದರೆ, ಅದನ್ನು ಕೈ ತಾಳುವಷ್ಟು ಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಿ ಕುಡಿಸಬಹುದು.