ಏನೂ ನಡೆಯದ ಕತೆಗಳು ಇಷ್ಟು ಕಾಲ ಹೇಗೆ ಉಳಿದವು?

ಹೆಸರಾಂತ ಹಳೆಯ ಸಣ್ಣಕತೆಗಳಲ್ಲಿ ಏನೂ ನಡೆಯುವುದಿಲ್ಲ, ಆದರೂ ಜನ ಇನ್ನೂ ಯಾಕೆ ಓದುತ್ತಾರೆ, ಅವನ್ನು ಓದುವುದು ಹೇಗೆ ಎಂದು ಕೇಳಿದ್ದೀರಿ. ನಡೆಯುತ್ತದೆ, ಕತೆಗಾರ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಓದುವವರು ತಾವೇ ಕಂಡುಕೊಂಡದ್ದು ಬೇಗ ಮರೆತುಹೋಗುವುದಿಲ್ಲ.

ಅಮೆರಿಕದ ಕತೆಗಾರ ಹೆಮಿಂಗ್ವೇಯ ‘ಹಿಲ್ಸ್ ಲೈಕ್ ವೈಟ್ ಎಲಿಫೆಂಟ್ಸ್’ (1927) ನೋಡಿ. ಸ್ಪೇನಿನ ಎಬ್ರೋ ಕಣಿವೆಯ ಒಂದು ನಿಲ್ದಾಣ, ರೈಲಿಗೆ ಇನ್ನೂ 40 ನಿಮಿಷ. ಒಬ್ಬ ಅಮೆರಿಕನ್, ಒಬ್ಬ ಹುಡುಗಿ ಬಿಯರ್ ಕುಡಿಯುತ್ತ ಮಾತಾಡುತ್ತಾರೆ. ಮಾತು ಅವಳ ಗರ್ಭಪಾತದ ಬಗ್ಗೆ, ಆದರೆ ಆ ಪದ ಒಮ್ಮೆಯೂ ಬರುವುದಿಲ್ಲ; ಅವನ ಬಾಯಲ್ಲಿ ಅದು ಬರೀ ‘ಆಪರೇಷನ್’. ನಿಲ್ದಾಣದ ಈ ಮಗ್ಗುಲಲ್ಲಿ ಮರವಿಲ್ಲ, ನೆರಳಿಲ್ಲ. ಆ ಮಗ್ಗುಲಲ್ಲಿ ಪೈರಿನ ಹೊಲ, ನದಿದಂಡೆಯ ಮರಗಳು. ಹುಡುಗಿ ಎದ್ದು ನಿಲ್ದಾಣದ ತುದಿಗೆ ಹೋದಾಗ ಕಾಣುವುದು ಆ ಮಗ್ಗುಲು. ಅವಳ ಮನಸ್ಸು ಎತ್ತ ವಾಲುತ್ತಿದೆ ಎಂದು ಬೇರೆ ಹೇಳಬೇಕಿಲ್ಲ. ಆಮೇಲೆ ‘ಮಾತು ನಿಲ್ಲಿಸು’ ಎಂದು ಅವಳು ಅಂಗಲಾಚುವ ವಾಕ್ಯದಲ್ಲಿ ‘ಪ್ಲೀಸ್’ 7 ಸಲ ಇದೆ. ಆರನ್ನು ತೆಗೆದು ಓದಿ: ಕೋರಿಕೆ ಉಳಿಯುತ್ತದೆ, ತಾಳ್ಮೆ ಹರಿದ ಸದ್ದು ಹೋಗುತ್ತದೆ.

ಹೊಸದಾಗಿ ಬರೆಯುವವರು ಎಡವುವುದೂ ಇಲ್ಲೇ. ಸೂಕ್ಷ್ಮವಾಗಿರಬೇಕೆಂದು ಎಲ್ಲವನ್ನೂ ಮಸುಕು ಮಾಡಿಬಿಡುತ್ತಾರೆ. ಬರವಣಿಗೆಯೂ ತೇಲುವ ಹಿಮಬಂಡೆಯಂತೆ, ಅದರ ಎಂಟನೇ ಒಂದು ಪಾಲು ಮಾತ್ರ ನೀರಿನ ಮೇಲಿರುತ್ತದೆ ಎಂಬ ಹೆಮಿಂಗ್ವೇಯ 1932ರ ಮಾತು ಹೆಸರಾದದ್ದು. ತನಗೇ ಗೊತ್ತಿಲ್ಲದ್ದನ್ನು ಬಿಟ್ಟು ಬರೆದರೆ ಬರವಣಿಗೆ ಟೊಳ್ಳಾಗುತ್ತದೆ ಎಂದೂ ಅವನು ಅಲ್ಲೇ ಹೇಳಿದ್ದಾನೆ. ನನಗೆ ಅದೇ ಹೆಚ್ಚು ಮುಖ್ಯ ಅನ್ನಿಸುತ್ತದೆ.

ರಷ್ಯದ ಕತೆಗಾರ ಚೆಕಾಫನ ‘ಮಿಸರಿ’ (1886) ಇನ್ನೂ ಮೆತ್ತಗೆ ಸಾಗುವ ಕತೆ. ಮಗನನ್ನು ಕಳೆದುಕೊಂಡ ಗಾಡಿಯವ ಅಯೋನಾನಿಗೆ ದುಃಖ ಹೇಳಿಕೊಳ್ಳಲು ಒಬ್ಬರು ಬೇಕು. ಸವಾರಿಗೆ ಹತ್ತಿದ ಅಧಿಕಾರಿ ಕಣ್ಣು ಮುಚ್ಚಿ ಕೂರುತ್ತಾನೆ. ತರುಣರ ಗುಂಪಿನಲ್ಲೊಬ್ಬ, ಎಲ್ಲರೂ ಸಾಯುವವರೇ ಎನ್ನುತ್ತಾನೆ. ಜೊತೆಯ ಗಾಡಿಯವ ಮುಸುಕು ಹೊದ್ದು ನಿದ್ದೆ ಹೋಗುತ್ತಾನೆ. ಕೊನೆಗೆ ಅವನು ಹೇಳಿಕೊಳ್ಳುವುದು ಕುದುರೆಗೆ. ಇದನ್ನು ದಿಢೀರ್ ತಿರುವು ಎನ್ನುವವರು ಮೊದಲ ಪ್ಯಾರಾಕ್ಕೆ ಹಿಂತಿರುಗಲಿ: ಅಲ್ಲೇ ಅಯೋನಾ, ಕುದುರೆ ಇಬ್ಬರೂ ಹಿಮ ಮೆತ್ತಿಕೊಂಡು, ಅಲ್ಲಾಡದೆ, ಒಂದೇ ಥರ ಇದ್ದಾರೆ.

ಓದುವ ಕ್ರಮ ಹೇಳುವುದಾದರೆ, ಮುನ್ನುಡಿ, ಸಾರಾಂಶ ನೋಡದೆ ಒಂದೇ ಪಟ್ಟಿಗೆ ಓದಿ ಮುಗಿಸಿ. ಮರುದಿನ ಪೆನ್ಸಿಲ್ ಹಿಡಿದು ಮತ್ತೊಮ್ಮೆ ಓದಿ. ಮರುಕಳಿಸುವ ಪದಗಳಿಗೆ, ಕೇಳಿದ್ದಕ್ಕೆ ಬೇರೇನೋ ಉತ್ತರ ಬರುವ ಕಡೆ, ಕಾರಣವಿಲ್ಲದೆ ಬಂತು ಅನ್ನಿಸುವ ವಸ್ತುವಿಗೆ ಗೆರೆ ಎಳೆಯಿರಿ. ಕೊನೆಯ ಪ್ಯಾರಾ ಮುಗಿದ ಕೂಡಲೇ ಮೊದಲನೆಯದನ್ನು ಓದಿ. ಒಂದೇ ದಿನ ನಾಲ್ಕೈದು ಕತೆ ಬೇಡ, ಒಂದರ ಮೌನದ ಮೇಲೆ ಇನ್ನೊಂದರ ಮಾತು ಬಿದ್ದು ಎರಡೂ ಅಳಿಸುತ್ತವೆ. ಮೊದಲು ಚೆಕಾಫ್ ಓದಿ, ಆಮೇಲೆ ಹೆಮಿಂಗ್ವೇ.