ದೀಕ್ಷಾಸ್ನಾನ ಆದ ಮೇಲೆ ಬೆಳವಣಿಗೆ ನಿಂತೇಹೋಗಿದೆ ಅನ್ನಿಸಿದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು. ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗಿ ಎರಡು ವರ್ಷವಾಯಿತು. ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ. ಸಭೆಯಲ್ಲಿ (ಚರ್ಚ್‌ನಲ್ಲಿ) ನಡೆಸಿದ ಶಿಷ್ಯತ್ವ ತರಗತಿಯನ್ನೂ ಮುಗಿಸಿದ್ದೀರಿ. ಆದರೂ ಅದೇ ಕೋಪ, ಅದೇ ಚಿಂತೆ, ಸತ್ಯವೇದ (ಬೈಬಲ್) ತೆರೆದರೆ ಅದೇ ಬೇಸರ. ಇನ್ನೊಂದು ಕೋರ್ಸ್ ಮಾಡಬೇಕಾ, ಇಲ್ಲ ಸಭೆಯನ್ನೇ ಬದಲಿಸಬೇಕಾ ಅಂತ ಕೇಳಿದ್ದೀರಿ.

ಇನ್ನೊಂದು ಕೋರ್ಸ್ ಬೇಡ. ಸಭೆ ಬದಲಿಸುವ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಮೊದಲು ನಾನೇ ಒಂದು ಕೇಳುತ್ತೇನೆ. ನಿಮ್ಮ ಕೋಪದ ವಿಷಯ ಸಭೆಯಲ್ಲಿ ಯಾರಿಗಾದರೂ ಗೊತ್ತಾ? ನಿಮ್ಮ ಹೆಸರು, ಕೆಲಸ, ನೀವು ಯಾವ ಸಾಲಿನಲ್ಲಿ ಕೂರುತ್ತೀರಿ ಅನ್ನುವುದು ತುಂಬ ಜನಕ್ಕೆ ಗೊತ್ತಿರುತ್ತದೆ. ಹೋದ ವಾರ ಯಾರ ಮೇಲೆ ರೇಗಿದಿರಿ, ಆಮೇಲೆ ಏನು ಮಾಡಿದಿರಿ ಅನ್ನುವುದು ಗೊತ್ತಿರುವ ಒಬ್ಬರಾದರೂ ಇದ್ದಾರಾ? ನನ್ನ ಊಹೆ, ಇಲ್ಲ. ಹಾಗಿದ್ದರೆ ನಿಮಗೆ ಕಡಿಮೆ ಬಿದ್ದಿರುವುದು ಪಾಠವಲ್ಲ, ನಿಮ್ಮನ್ನು ಹತ್ತಿರದಿಂದ ನೋಡುವ ಒಬ್ಬ ಮನುಷ್ಯ.

ಯೇಸುಸ್ವಾಮಿ ಹನ್ನೆರಡು ಜನರನ್ನು ಆರಿಸಿಕೊಂಡದ್ದು ಯಾಕೆ ಅಂತ ಮಾರ್ಕನ ಸುವಾರ್ತೆಯ ಮೂರನೇ ಅಧ್ಯಾಯದಲ್ಲಿ ಇದೆ. ಮೊದಲ ಕಾರಣ, ಅವರು ತನ್ನ ಜೊತೆಯಲ್ಲಿ ಇರಬೇಕು. ಸಾರುವುದಕ್ಕೆ ಕಳುಹಿಸುವ ಮಾತು ಅದರ ನಂತರ. ಒಂಬತ್ತನೇ ಅಧ್ಯಾಯಕ್ಕೆ ಬಂದರೆ ಈ ಶಿಷ್ಯರು ದಾರಿಯುದ್ದಕ್ಕೂ ತಮ್ಮಲ್ಲಿ ಯಾರು ದೊಡ್ಡವರು ಅಂತ ಜಗಳ ಆಡಿದ್ದಾರೆ. ಮನೆಗೆ ಬಂದ ಮೇಲೆ ಯೇಸು, ದಾರಿಯಲ್ಲಿ ಏನು ಮಾತಾಡುತ್ತಿದ್ದಿರಿ ಅಂತ ಕೇಳುತ್ತಾರೆ. ಎಲ್ಲರೂ ಗಪ್‌ಚುಪ್. ಆಗ ಆತನು ಕೂತುಕೊಂಡು, ಮೊದಲನೆಯವನಾಗಬೇಕೆನ್ನುವವನು ಎಲ್ಲರ ಸೇವಕನಾಗಬೇಕು ಅನ್ನುವ ಪಾಠ ಹೇಳುತ್ತಾನೆ. ಆ ಪಾಠ ಹುಟ್ಟಿದ್ದೇ ಜಗಳದಿಂದ. ಒಟ್ಟಿಗೆ ನಡೆಯದಿದ್ದರೆ ಆ ಜಗಳ ಆತನ ಮುಂದೆ ಬರುತ್ತಲೇ ಇರಲಿಲ್ಲ.

ನಾವೋ, ವಾರಕ್ಕೆರಡು ಗಂಟೆ ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂರುತ್ತೇವೆ. ಮುಂದೆ ಇರುವವರ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ. ಅದು ತಪ್ಪು ಅಂತಲ್ಲ. ದೇವರ ವಾಕ್ಯ, ಹಾಡು, ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆ) ಇಲ್ಲದೆ ನಂಬಿಕೆ ಒಣಗುತ್ತದೆ. ಆದರೆ ಅಷ್ಟರಿಂದಲೇ ಕೋಪ ಹೋಗುವುದಿಲ್ಲ.

ನನ್ನ ಅನುಭವ ಹೇಳುತ್ತೇನೆ. ನಮ್ಮ ಸಭೆಯಲ್ಲಿ ನನಗಿಂತ ತುಂಬ ದೊಡ್ಡವರೊಬ್ಬರು ಇದ್ದರು. ಅವರು ಪಾಸ್ಟರ್ ಅಲ್ಲ, ಪ್ರಸಂಗ ಮಾಡುವವರೂ ಅಲ್ಲ. ಎಲ್ಲರೂ ಅವರನ್ನು ಅಂಕಲ್ ಅಂತಲೇ ಕರೆಯುತ್ತಿದ್ದೆವು. ವಾರಕ್ಕೊಮ್ಮೆ ಅವರ ಜೊತೆ ಕೂರುವುದು ರೂಢಿಯಾಯಿತು. ಸತ್ಯವೇದದಿಂದ ಒಂದು ಸಣ್ಣ ಭಾಗ ಓದುತ್ತಿದ್ದೆವು, ಅಷ್ಟೇ. ಆದರೆ ಓದುವ ಮೊದಲು ಅವರು ಒಂದು ಪ್ರಶ್ನೆ ಕೇಳುತ್ತಿದ್ದರು: "ಈ ವಾರ ಮನೆಯಲ್ಲಿ ಯಾರ ಹತ್ತಿರ ಕ್ಷಮೆ ಕೇಳಿದೆ?"

ನಾನು, "ಪ್ರಾರ್ಥನೆ ಚೆನ್ನಾಗಿ ನಡೀತಿದೆ ಅಂಕಲ್" ಅನ್ನುತ್ತಿದ್ದೆ.

"ಸಂತೋಷ. ನಾನು ಅದನ್ನ ಕೇಳಲಿಲ್ಲವಲ್ಲ" ಅನ್ನುತ್ತಿದ್ದರು. ಗದರಿಸುತ್ತಿರಲಿಲ್ಲ. ಸುಮ್ನೆ ಕಾಯುತ್ತಿದ್ದರು. ಆ ಮೌನ ತಡೆಯಲಾಗದೆ ಬಾಯಿ ಬಿಡುತ್ತಿದ್ದೆ. ಆಮೇಲೆ ಓದುವ ವಾಕ್ಯ ಬೇರೆ ಥರ ಕೇಳಿಸುತ್ತಿತ್ತು, ಯಾಕೆಂದರೆ ಅದು ಬಂದು ಬೀಳುವ ಜಾಗ ಆಗಲೇ ಬಿಚ್ಚಿರುತ್ತಿತ್ತು. ಹೊರಡುವ ಮುಂಚೆ ಇನ್ನೊಂದು ಪ್ರಶ್ನೆ ಇರುತ್ತಿತ್ತು: "ಇದನ್ನ ನಾಳೆ ಎಲ್ಲಿ ಮಾಡ್ತೀಯ?" ಎಲ್ಲಿ ಅನ್ನುವುದಕ್ಕೆ ಉತ್ತರ ಕೊಡುವುದು ಕಷ್ಟ. ಪ್ರೀತಿಸಬೇಕು ಅಂತ ಯಾರು ಬೇಕಾದರೂ ಹೇಳಬಹುದು. ನಾಳೆ ಬೆಳಿಗ್ಗೆ ಪಕ್ಕದ ಮೇಜಿನವರ ಹತ್ತಿರ ಹೋಗಿ ಮಾತಾಡುತ್ತೇನೆ ಅನ್ನುವುದು ಬೇರೆ.

ಒಂದು ಸಾರಿ ಕಾಯಿಲೆ ಬಿದ್ದ ಒಬ್ಬ ವಿಶ್ವಾಸಿಯನ್ನು ನೋಡಲು ನನ್ನನ್ನೂ ಕರೆದುಕೊಂಡು ಹೋದರು. ಏನು ಹೇಳಬೇಕು ಅಂತ ನಾನು ದಾರಿಯಲ್ಲೇ ವಾಕ್ಯಗಳನ್ನು ಹುಡುಕುತ್ತಿದ್ದೆ. ಅಂಕಲ್ ಒಳಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತರು. ನಿದ್ದೆ ಬರುತ್ತಿದೆಯಾ ಅಂತ ಕೇಳಿದರು. ಖಾಲಿಯಾಗಿದ್ದ ನೀರಿನ ಬಾಟಲಿ ತುಂಬಿಸಿ ಕೈಗೆ ಸಿಗುವ ಹಾಗೆ ಇಟ್ಟರು. ಕೈ ಹಿಡಿದು ನಾಲ್ಕೇ ಮಾತಿನ ಪ್ರಾರ್ಥನೆ ಮಾಡಿ ಎದ್ದರು. ಉಪದೇಶ ಇಲ್ಲ, ಯಾಕೆ ಹೀಗಾಯಿತು ಅನ್ನುವ ವಿವರಣೆ ಇಲ್ಲ. ರೋಗಿಗಳನ್ನು ನೋಡಲು ಹೋಗುವುದು ಹೇಗೆ ಅನ್ನುವ ಪಾಠ ನಮ್ಮ ತರಗತಿಯಲ್ಲೂ ಇತ್ತು. ಅದರಲ್ಲಿ ಏನಿತ್ತು ಅಂತ ಈಗ ನೆನಪಿಲ್ಲ. ಆ ಬಾಟಲಿ ನೆನಪಿದೆ.

ಚರಿತ್ರೆಯಲ್ಲೂ ಇದಕ್ಕೆ ನನಗಿಷ್ಟವಾದ ಒಂದು ಉದಾಹರಣೆ ಇದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಸಂಗಿ ಜಾನ್ ವೆಸ್ಲಿಯವರ ಜೊತೆಗಿದ್ದ ಮೆಥಡಿಸ್ಟರಿಗೆ, ಅಂದರೆ ಅವರು ಶುರುಮಾಡಿದ ಕ್ರೈಸ್ತ ಚಳವಳಿಯವರಿಗೆ, ಕಟ್ಟಡದ ಸಾಲ ತಲೆ ಮೇಲೆ ಕೂತಿತ್ತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಅಂತ ಫಾಯ್ ಅನ್ನುವ ಒಬ್ಬ ಕ್ಯಾಪ್ಟನ್ ಸಲಹೆ ಕೊಟ್ಟರು. ಬಡವರು ಎಲ್ಲಿಂದ ಕೊಡುತ್ತಾರೆ ಅಂತ ಕೇಳಿದ್ದಕ್ಕೆ, ಹನ್ನೊಂದು ಬಡವರನ್ನು ನನ್ನ ಲೆಕ್ಕಕ್ಕೆ ಹಾಕಿ, ಅವರ ಕೈಲಾಗದಿದ್ದರೆ ನಾನೇ ತುಂಬುತ್ತೇನೆ ಅಂದರು. ಹೀಗೆ ಒಬ್ಬೊಬ್ಬ ಮುಖಂಡನಿಗೆ ಇಷ್ಟಿಷ್ಟು ಮನೆ ಅಂತ ಆಯಿತು. ಹಣ ವಸೂಲಿಗೆ ಮನೆಮನೆಗೆ ಹೋದವರಿಗೆ ಬೇರೆ ಸಂಗತಿಗಳು ಕಂಡವು. ಈ ಮನೆಯಲ್ಲಿ ಜಗಳ, ಆ ಮನೆಯಲ್ಲಿ ಕುಡಿತ. ವೆಸ್ಲಿಗೆ ಅಲ್ಲೇ ಹೊಳೆಯಿತು, ತಾನು ಹುಡುಕುತ್ತಿದ್ದದ್ದು ಇದನ್ನೇ ಅಂತ. ಮುಂದೆ ಆ ಗುಂಪುಗಳು ವಾರಕ್ಕೊಮ್ಮೆ ಒಟ್ಟಿಗೆ ಸೇರತೊಡಗಿದವು. ಮೆಥಡಿಸ್ಟ್ ಚಳವಳಿಗೆ ಬೆನ್ನೆಲುಬಾದ 'ಕ್ಲಾಸ್ ಮೀಟಿಂಗ್' ಬಂದದ್ದು ಹೀಗೆ. ಹೆಸರಲ್ಲಿ ಕ್ಲಾಸ್ ಇದ್ದರೂ ಪಾಠ ಮಾಡುವುದು ಅದರ ಮುಖ್ಯ ಕೆಲಸವಾಗಿರಲಿಲ್ಲ. ನಿನ್ನ ಆತ್ಮದ ಸ್ಥಿತಿ ಹೇಗಿದೆ ಅಂತ ಒಬ್ಬೊಬ್ಬರನ್ನೂ ಕೇಳುವುದು ಮುಖ್ಯವಾಗಿತ್ತು. ಸಾಲ ವಸೂಲಿಯಿಂದ ಇಂಥದ್ದೊಂದು ಹುಟ್ಟಿತಲ್ಲ ಅಂತ ನನಗೆ ಈಗಲೂ ನಗು ಬರುತ್ತದೆ.

ಹಾಗಾದರೆ ಯಾರನ್ನು ಕೇಳುವುದು? ಚೆನ್ನಾಗಿ ಮಾತಾಡುವವರನ್ನು ನೋಡಬೇಡಿ. ಯಾರ ಬಗ್ಗೆ ಅವರ ಸ್ವಂತ ಮನೆಯವರೇ ಗೌರವದಿಂದ ಮಾತಾಡುತ್ತಾರೋ ಅವರನ್ನು ನೋಡಿ. ಬಿದ್ದವರ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದನ್ನೂ ಗಮನಿಸಿ. ಸತ್ಯವೇದದಲ್ಲಿ ಬರುವ, ಮೊದಲ ಸಭೆಯ ಬಾರ್ನಬನಂಥವರು ಬೇಕು. ಮತಾಂತರವಾದ ಹೊಸದರಲ್ಲಿ ಸೌಲನನ್ನು (ಮುಂದೆ ಪೌಲ ಅನ್ನಿಸಿಕೊಂಡವನು) ಯೆರೂಸಲೇಮಿನಲ್ಲಿ ಯಾರೂ ನಂಬದಿದ್ದಾಗ ಕೈ ಹಿಡಿದು ಯೇಸುವಿನ ಅಪೊಸ್ತಲರ ಹತ್ತಿರ ಕರೆದುಕೊಂಡು ಹೋದವನು ಅವನು. ಸುವಾರ್ತೆ ಸಾರುವ ಪ್ರಯಾಣವನ್ನು ಪಂಫುಲ್ಯ ಪ್ರಾಂತ್ಯದಲ್ಲಿ ಅರ್ಧಕ್ಕೆ ಬಿಟ್ಟು ವಾಪಸು ಹೋದ ಮಾರ್ಕನನ್ನು ಮತ್ತೆ ಕರೆದುಕೊಂಡು ಹೋಗುತ್ತೇನೆ ಅಂತ ಹಟ ಹಿಡಿದವನೂ ಅವನೇ. ಪೌಲ ಒಪ್ಪಲಿಲ್ಲ. ಇಬ್ಬರಿಗೂ ಜೋರು ವಾಗ್ವಾದವಾಗಿ ಬೇರೆ ಬೇರೆ ದಾರಿ ಹಿಡಿದರು. ವರ್ಷಗಳಾದ ಮೇಲೆ ಅದೇ ಪೌಲ ತನ್ನ ಜೊತೆಗಾರ ತಿಮೊಥೆಗೆ, ಮಾರ್ಕನನ್ನು ಕರೆದುಕೊಂಡು ಬಾ, ಸೇವೆಗೆ ಅವನು ನನಗೆ ಉಪಯುಕ್ತ ಅಂತ ಬರೆಯುತ್ತಾನೆ. ಬಾರ್ನಬ ಮಾರ್ಕನನ್ನು ಕರೆದುಕೊಂಡು ಸೈಪ್ರಸ್‌ಗೆ ಹೋದ ಅನ್ನುವುದು ಬಿಟ್ಟರೆ, ಮಧ್ಯದ ವರ್ಷಗಳಲ್ಲಿ ಅವನ ಜೊತೆ ಏನು ಮಾಡಿದ ಅನ್ನುವುದು ಎಲ್ಲೂ ಬರೆದಿಲ್ಲ. ಇಂಥ ಕೆಲಸ ವರದಿಗೆ ಸಿಗುವುದಿಲ್ಲ ಬಿಡಿ.

ಕೇಳುವಾಗ 'ನನ್ನನ್ನು ಶಿಷ್ಯನನ್ನಾಗಿ ಮಾಡಿ' ಅಂತೆಲ್ಲ ಹೇಳಿದರೆ ಎದುರಿನವರು ಗಾಬರಿಯಾಗುತ್ತಾರೆ. "ಕೆಲವು ವಾರ ನಿಮ್ಮ ಜೊತೆ ಮಾರ್ಕನ ಸುವಾರ್ತೆ ಓದಬೇಕು ಅಂತಿದ್ದೇನೆ, ಸಮಯ ಇದೆಯಾ?" ಅಂತ ಕೇಳಿ, ಸಾಕು. ಗಂಡಸರು ಗಂಡಸರ ಜೊತೆ, ಹೆಂಗಸರು ಹೆಂಗಸರ ಜೊತೆ ಕೂರುವುದು ಒಳ್ಳೆಯದು, ಬಿಚ್ಚಿ ಮಾತಾಡಬಹುದು. ಮೊದಲು ಕೇಳಿದವರು ಆಗುವುದಿಲ್ಲ ಅಂದರೆ ಬೇಜಾರು ಬೇಡ, ಎಷ್ಟೋ ಸಾರಿ ಅವರಿಗೆ ನಿಜವಾಗಿಯೂ ಬಿಡುವಿರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹೀಗೆ ಹತ್ತಿರದಿಂದ ನಡೆಸುವುದು ಕೆಟ್ಟಾಗ ತುಂಬ ಕೆಡುತ್ತದೆ. 1970ರ ದಶಕದಲ್ಲಿ ಅಮೆರಿಕದ ಫ್ಲೋರಿಡಾದಿಂದ ಹಬ್ಬಿದ 'ಶೆಫರ್ಡಿಂಗ್' ಚಳವಳಿಯಲ್ಲಿ ಪ್ರತಿ ವಿಶ್ವಾಸಿಗೂ ಮೇಲೊಬ್ಬ ಕುರುಬ, ಅಂದರೆ ಅವನನ್ನು ನಡೆಸುವ ಮುಖಂಡ, ಇರಬೇಕು, ಅವನ ಮಾತಿಗೆ ಒಳಗಾಗಿರಬೇಕು ಅನ್ನುವ ಬೋಧನೆ ಇತ್ತು. ಕೆಲವು ಕಡೆ ಮದುವೆ, ಕೆಲಸದಂಥ ವಿಷಯಕ್ಕೂ ಅವನ ಒಪ್ಪಿಗೆ ಬೇಕು ಅನ್ನುವ ಮಟ್ಟಕ್ಕೆ ಅದು ಹೋಯಿತು. ಮುಂದೆ ಅದರ ನಾಯಕರಲ್ಲೊಬ್ಬರಾದ ಬಾಬ್ ಮಮ್‌ಫರ್ಡ್ ಬಹಿರಂಗವಾಗಿ ಕ್ಷಮೆ ಕೇಳಿದರು. ಹಾಗಾಗಿ ನೀವು ಕೂರುವ ವ್ಯಕ್ತಿ ನಿಮ್ಮ ಸಂಬಳ ಎಲ್ಲಿ ಹೋಗಬೇಕು ಅಂತ ಹೇಳತೊಡಗಿದರೆ, ಪ್ರಶ್ನೆ ಕೇಳಿದ್ದಕ್ಕೆ ಅವಿಧೇಯತೆ ಅಂದರೆ, ಇದನ್ನೆಲ್ಲ ಯಾರಿಗೂ ಹೇಳಬೇಡ ಅಂದರೆ, ಎದ್ದು ಬನ್ನಿ. ನೀವು ನಂಬಿ ಹೇಳಿದ್ದು ಇನ್ನೊಬ್ಬರ ಬಾಯಲ್ಲಿ 'ಪ್ರಾರ್ಥನಾ ವಿಷಯ'ವಾಗಿ ತಿರುಗುತ್ತಿದ್ದರೂ ಅಷ್ಟೇ. ಒಳ್ಳೆಯ ಮಾರ್ಗದರ್ಶಿ ತಾನು ತಪ್ಪಿದ್ದನ್ನೂ ಹೇಳಿಕೊಳ್ಳುತ್ತಾನೆ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿಕೊಳ್ಳಿ ಅಂತ ಸತ್ಯವೇದದ ತನ್ನ ಪತ್ರಿಕೆಯಲ್ಲಿ ಯಾಕೋಬನು ಬರೆದದ್ದು ಎರಡೂ ಕಡೆಯವರಿಗೆ.

ಬೆಳೆಯುತ್ತಿದ್ದೇನೆ ಅಂತ ನನಗೇ ಅನ್ನಿಸುತ್ತಿಲ್ಲ ಅಂದಿರಿ. ಅನ್ನಿಸುವುದನ್ನು ಜಾಸ್ತಿ ನಂಬಬೇಡಿ. ಬೆಳೆಯುವ ಮಗು ತನ್ನ ಎತ್ತರ ತಾನು ನೋಡಿಕೊಳ್ಳುವುದಿಲ್ಲ, ತುಂಬ ದಿನಕ್ಕೆ ಬಂದ ನೆಂಟರು ಹೇಳುತ್ತಾರೆ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಐದನೇ ಅಧ್ಯಾಯದಲ್ಲಿ ಆತ್ಮನ ಫಲಗಳ ಪಟ್ಟಿ ನೋಡಿ: ಪ್ರೀತಿ, ದೀರ್ಘಶಾಂತಿ, ದಯೆ, ಸಾಧುತ್ವ. ಒಂಟಿಯಾಗಿ ಕೋಣೆಯಲ್ಲಿ ಕೂತು ಇವನ್ನು ಪರೀಕ್ಷೆ ಮಾಡಲು ಆಗುತ್ತದಾ? ತಾಳ್ಮೆ ಇದೆಯೋ ಇಲ್ಲವೋ ಗೊತ್ತಾಗಲು ತಾಳ್ಮೆಗೆಡಿಸುವವರೊಬ್ಬರು ಬೇಕಲ್ವಾ. ಮನೆಯವರನ್ನು ಕೇಳಿ. ಮೊದಲು ರೇಗಿದರೆ ಎರಡು ದಿನ ಮಾತು ಬಿಡುತ್ತಿದ್ದವರು ಈಗ ಸಂಜೆಯೊಳಗೆ ಬಂದು ಮಾತಾಡುತ್ತಿದ್ದೀರಾ? ಹೌದು ಅಂದರೆ ಅದು ಬೆಳವಣಿಗೆಯೇ, ಪ್ರಾರ್ಥನೆಯಲ್ಲಿ ಕಣ್ಣೀರು ಬಾರದಿದ್ದರೂ.

ಇನ್ನೊಂದು ಮಾತು. ಎರಡು ವರ್ಷ ಪಾಠ ಕೇಳಿಸಿಕೊಂಡಿದ್ದೀರಿ, ಈಗ ಕೊಡುವುದಕ್ಕೂ ಶುರು ಮಾಡಿ. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ, ಇಷ್ಟು ಹೊತ್ತಿಗೆ ಬೋಧಿಸುವವರಾಗಬೇಕಿತ್ತು, ಇನ್ನೂ ಹಾಲು ಕುಡಿಯುತ್ತಿದ್ದೀರಿ ಅಂತ ಬೈಗುಳವೇ ಇದೆ. ಬೋಧನೆ ಅಂದರೆ ಮೈಕ್ ಹಿಡಿಯುವುದಲ್ಲ. ಸಭೆಗೆ ಹೊಸದಾಗಿ ಬಂದವರ ಪಕ್ಕ ಕೂತು ಅವರಿಗೆ ವಾಕ್ಯ ತೆಗೆದು ತೋರಿಸುವುದು, ಆರಾಧನೆ ಮುಗಿದ ಮೇಲೆ ಐದು ನಿಮಿಷ ನಿಂತು ಮಾತಾಡುವುದು. ಅವರು ಕೇಳುವ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಾಗ ನೀವೇ ಮನೆಗೆ ಬಂದು ಸತ್ಯವೇದ ತೆರೆಯುತ್ತೀರಿ. ಆಗ ಬೇಸರ ಬರುವುದಿಲ್ಲ, ಇದು ನಾನು ಕಂಡದ್ದು.

ಈಗ ಸಭೆ ಬದಲಿಸುವ ಮಾತು. ತಪ್ಪು ಬೋಧನೆ, ದಬ್ಬಾಳಿಕೆ, ಹಣದ ಲೆಕ್ಕ ಕೇಳಿದರೆ ಸಿಟ್ಟು, ಇಂಥದ್ದಿದ್ದರೆ ಹೊರಡಿ, ಕಾಯಬೇಕಾಗಿಲ್ಲ. ಬರೀ ಬೇಸರ ಅಂದರೆ ಹೊರಡಬೇಡಿ, ಯಾಕೆಂದರೆ ಹೊಸ ಸಭೆಯಲ್ಲೂ ನೀವು ಅದೇ ಹಿಂದಿನ ಸಾಲಿನಲ್ಲಿ ಹೋಗಿ ಕೂರುತ್ತೀರಿ. ಮೊದಲು ಇಬ್ಬರು ಮೂವರನ್ನು ಕೇಳಿ ನೋಡಿ. ಯಾರೂ ಸಿಗದಿದ್ದರೆ ಪಾಸ್ಟರ್ ಹತ್ತಿರ ನೇರವಾಗಿ ಹೋಗಿ, ನನ್ನ ಜೊತೆ ಕೂರಲು ಒಬ್ಬರನ್ನು ತೋರಿಸಿ ಅಂತ ಕೇಳಿ. ಅವರು ಮತ್ತೊಂದು ತರಗತಿಯ ಫಾರ್ಮ್ ಕೈಗೆ ಕೊಟ್ಟು ಕಳುಹಿಸಿದರೆ, ಆಗ ಸಭೆ ಬದಲಿಸುವ ಬಗ್ಗೆ ಪ್ರಾರ್ಥಿಸಿ ಯೋಚಿಸಬಹುದು.